ಅಂಗೈಯ ಮೇಲಿನ ಸರಸ್ವತಿ: ಕೂಲಿಮಠದ ಬಹುಮಾನ ಪದ್ಧತಿ

ಕರ್ನಾಟಕದ ಸಾಂಪ್ರದಾಯಿಕ ಶಿಕ್ಷಣವನ್ನು ಕುರಿತ ನೆನಪುಗಳಲ್ಲಿ ಬಹುಮಾನಕ್ಕಿಂತ ಶಿಕ್ಷೆಯ ಪಾಲೇ ದೊಡ್ಡದು. ಕೂಲಿಮಠ, ಅಯ್ಗಳ ಮಠ, ಗಾಂವಠಿ ಶಾಲೆ ಎಂದು ಬೇರೆ ಬೇರೆ ಸೀಮೆಗಳಲ್ಲಿ ಕರೆಸಿಕೊಂಡ ಹಳ್ಳಿಯ ಪಾಠಶಾಲೆಗಳ ಮಾತು ಬಂದೊಡನೆ ಕೋದಂಡ, ಬಸ್ಕಿ, ಛಡಿ ಏಟುಗಳು ನೆನಪಿಗೆ ಬರುತ್ತವೆ. ಹಿರಿಯರ ಆತ್ಮಕಥೆಗಳಲ್ಲಿ, ಹಳ್ಳಿಯ ಹಾಸ್ಯ ಪ್ರಸಂಗಗಳಲ್ಲಿ, ಗಾದೆಗಳಲ್ಲಿ ಅಯ್ಗಳೆಂದರೆ ಕೈಯಲ್ಲಿ ಬೆತ್ತ ಹಿಡಿದ ವ್ಯಕ್ತಿ. ಮಗುವನ್ನು ಮೆಚ್ಚಿಸುವುದಕ್ಕೆ, ಸರಿಯಾದ ನಡತೆಗೆ ಹುರಿದುಂಬಿಸುವುದಕ್ಕೆ ಈ ಅಯ್ಗಳ ಬಳಿ ಏನಿತ್ತು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಇದಕ್ಕೆ ಒಂದು ಕಾರಣ ಸರಳವಾದುದು. ಪೆಟ್ಟು ಬರೆಯಾಗಿ ಉಳಿಯುತ್ತದೆ, ಕತೆಯಾಗುತ್ತದೆ. ಮೆಚ್ಚುಗೆ ಅಷ್ಟು ಸುಲಭವಾಗಿ ಕತೆಯಾಗುವುದಿಲ್ಲ. ಇನ್ನೊಂದು ಕಾರಣ ಆ ಮೆಚ್ಚುಗೆಯ ವಸ್ತುಸ್ವರೂಪದಲ್ಲಿಯೇ ಇದೆ. ಕೂಲಿಮಠದ ಬಹುಮಾನವು ಕೊಳ್ಳುವಂಥದಲ್ಲ, ಕೂಡಿಡುವಂಥದಲ್ಲ, ಸಂಜೆಯ ಹೊತ್ತಿಗೆ ಉಳಿಯುವಂಥದೂ ಅಲ್ಲ. ಅದು ಅಂಗೈಯ ಮೇಲೆ ಬರೆದ ಒಂದು ಹೆಸರು.

ಈ ಸಂಗತಿ ತಿಳಿದುಬರುವುದು ಬಳ್ಳಾರಿ ಜಿಲ್ಲೆಯ ಕಲೆಕ್ಟರನಾಗಿದ್ದ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಮದರಾಸಿನ ಕಂದಾಯ ಮಂಡಳಿಗೆ ಬರೆದ ವರದಿಯಿಂದ. ಅದರ ಹಿಂದಿನ ವರ್ಷ, 1822ರ ಜೂನ್ 25ರಂದು, ಮದರಾಸಿನ ಗವರ್ನರ್ ಥಾಮಸ್ ಮನ್ರೊ ತನ್ನ ಆಡಳಿತಕ್ಕೆ ಸೇರಿದ ಎಲ್ಲ ಜಿಲ್ಲೆಗಳ ದೇಶೀ ಶಾಲೆಗಳ ಲೆಕ್ಕವನ್ನು ಕೇಳಿದ್ದನು. ಹೆಚ್ಚಿನ ಕಲೆಕ್ಟರುಗಳು ಕೋಷ್ಟಕವನ್ನು ತುಂಬಿ ಕಳುಹಿಸಿ ಕೈತೊಳೆದುಕೊಂಡರು. ಕ್ಯಾಂಪ್‌ಬೆಲ್ಲನು ಹಾಗೆ ಮಾಡಲಿಲ್ಲ. 1816ರಲ್ಲಿಯೇ ತೆಲುಗು ವ್ಯಾಕರಣವೊಂದನ್ನು ಪ್ರಕಟಿಸಿದ್ದ ಈತನಿಗೆ ದೇಶಭಾಷೆಗಳ ಮಾತನ್ನು ಕಿವಿಗೊಟ್ಟು ಕೇಳುವ ಅಭ್ಯಾಸವಿತ್ತು. ಹಾಗಾಗಿ ಆತನ ವರದಿಯಲ್ಲಿ ಹಲಗೆ, ಕಡತ, ಬಳಪ ಎಂಬ ಮಾತುಗಳು ಇಂಗ್ಲಿಷ್ ಕಿವಿಗೆ ಕೇಳಿಸಿದಂತೆ ಸ್ವಲ್ಪ ವಕ್ರವಾಗಿಯಾದರೂ ಉಳಿದುಬಂದಿವೆ. ಆಡಳಿತದ ಕಾಗದಪತ್ರವೊಂದು ಜಾನಪದ ಅಧ್ಯಯನಕ್ಕೆ ಆಕರವಾಗುವ ಅಪರೂಪದ ನಿದರ್ಶನಗಳಲ್ಲಿ ಇದೂ ಒಂದು.

ಅಂದಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. 1882ರಲ್ಲಿ ಪ್ರತ್ಯೇಕಗೊಂಡ ಅನಂತಪುರದ ಸೀಮೆಯೂ ಅದರಲ್ಲಿ ಸೇರಿತ್ತು. 9,27,857 ಜನಸಂಖ್ಯೆಯ ಈ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದುದಾಗಿ ವರದಿ ಹೇಳುತ್ತದೆ. ಸಾವಿರ ಜನಕ್ಕೆ ಸುಮಾರು 7 ಮಂದಿ ಮಾತ್ರ ಓದುತ್ತಿದ್ದರೆಂದಾಯಿತು. ಶಾಲೆಗಳ ಪೈಕಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರ್ಸಿಯವು 21, ತಮಿಳಿನವು 4, ಇಂಗ್ಲಿಷಿನದು 1. ಉಳಿದ 23 ಬ್ರಾಹ್ಮಣರ ಶಾಸ್ತ್ರಾಧ್ಯಯನದ ಕೇಂದ್ರಗಳು. ಒಂದೊಂದು ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಈ ಹನ್ನೆರಡು ಎಂಬ ಅಂಕಿಯನ್ನು ಮುಂದಿನ ವಿವೇಚನೆಗಾಗಿ ನೆನಪಿಟ್ಟುಕೊಳ್ಳಬೇಕು.

ವರದಿಯ ಪ್ರಕಾರ ಮಠದ ಬಾಗಿಲು ತೆರೆಯುತ್ತಿದ್ದುದು ಬೆಳಗಿನ ಆರು ಗಂಟೆಗೆ. ಎಲ್ಲರಿಗಿಂತ ಮೊದಲು ಬಂದ ಮಗುವಿನ ಅಂಗೈಯಲ್ಲಿ ಅಯ್ಗಳು ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಅದು ಗೌರವದ ಗುರುತು. ಎರಡನೆಯವನಾಗಿ ಬಂದವನ ಅಂಗೈಯಲ್ಲಿ ಒಂದು ಸೊನ್ನೆ. ಅವನು ಹೊಗಳಿಕೆಗೂ ಅರ್ಹನಲ್ಲ, ತೆಗಳಿಕೆಗೂ ಅರ್ಹನಲ್ಲ ಎಂದು ಅದರ ಅರ್ಥ. ಮೂರನೆಯವನಿಗೆ ಮೆಲುವಾದ ಒಂದು ಪೆಟ್ಟು. ನಾಲ್ಕನೆಯವನಿಗೆ ಎರಡು. ಅಲ್ಲಿಂದ ಮುಂದೆ ಬಂದ ಪ್ರತಿಯೊಬ್ಬನಿಗೂ ಹಿಂದಿನವನಿಗಿಂತ ಒಂದು ಹೆಚ್ಚು. ಕ್ಯಾಂಪ್‌ಬೆಲ್ಲನು ಇದನ್ನು ಕಠಿಣವಾದ ಪದ್ಧತಿಯೆಂದು ಕರೆದು ಮುಂದಕ್ಕೆ ಹೋಗಿದ್ದಾನೆ. ಜಾನಪದ ವಿದ್ಯಾರ್ಥಿ ಹಾಗೆ ಮುಂದಕ್ಕೆ ಹೋಗುವಂತಿಲ್ಲ.

ಮೊದಲು ಗಮನಕ್ಕೆ ಬರುವುದು ಬಹುಮಾನ ಮತ್ತು ಶಿಕ್ಷೆ ಇಲ್ಲಿ ಎರಡು ಪ್ರತ್ಯೇಕ ವ್ಯವಸ್ಥೆಗಳಲ್ಲ ಎಂಬುದು. ಸರಸ್ವತಿ, ಸೊನ್ನೆ, ಒಂದು, ಎರಡು, ಮೂರು ಎಂದು ಏರುತ್ತ ಹೋಗುವ ಒಂದೇ ಏಣಿಯ ಮೆಟ್ಟಿಲುಗಳಿವು. ಹನ್ನೆರಡು ಮಕ್ಕಳ ಮಠದಲ್ಲಿ ಕೊನೆಯವನಾಗಿ ಬಂದವನಿಗೆ ಹತ್ತು ಪೆಟ್ಟು ಬೀಳಬೇಕು. ಒಟ್ಟು ಲೆಕ್ಕ ಹಾಕಿದರೆ ಒಂದು ಬೆಳಗಿಗೆ ಐವತ್ತೈದು. ನಿಯಮವನ್ನು ಅಯ್ಗಳು ದಿನವೂ ಅಕ್ಷರಶಃ ಪಾಲಿಸುತ್ತಿದ್ದರೆಂದು ಭಾವಿಸಬೇಕಾಗಿಲ್ಲ. ಆದರೆ ನಿಯಮದ ಸ್ವರೂಪ ಸ್ಪಷ್ಟ. ಒಬ್ಬನೇ ಒಬ್ಬನಿಗೆ ಗೌರವ, ಒಬ್ಬನಿಗೆ ಬಿಡುಗಡೆ, ಉಳಿದ ಹತ್ತು ಮಂದಿಗೆ ನೋವು. ಎಲ್ಲರೂ ಸೂರ್ಯೋದಯಕ್ಕೆ ಮುಂಚೆಯೇ ಬಂದು ನಿಂತರೂ ಅವರಲ್ಲಿ ಒಬ್ಬ ಹನ್ನೆರಡನೆಯವನಾಗಲೇಬೇಕು. ಹೊತ್ತಿಗೆ ಸರಿಯಾಗಿ ಬರುವುದಕ್ಕಿಂತ ಇನ್ನೊಬ್ಬನಿಗಿಂತ ಮುಂಚೆ ಬರುವುದನ್ನು ಈ ಪದ್ಧತಿ ಕಲಿಸುತ್ತಿತ್ತು. ಮೌಖಿಕ ಪರಂಪರೆಯ ಮಕ್ಕಳ ಆಟಗಳಲ್ಲಿಯೂ ಇದೇ ಬಗೆಯ ಎಣಿಕೆಯ ಏಣಿ ಕಾಣಸಿಗುತ್ತದೆ: ಮೊದಲು ಮುಟ್ಟಿದವನು ರಾಜ, ಕೊನೆಗೆ ಉಳಿದವನು ಕಳ್ಳ. ಮಠದ ಶಿಸ್ತಿಗೂ ಬೀದಿಯ ಆಟಕ್ಕೂ ನಡುವೆ ಇದ್ದ ಗೋಡೆ ನಾವು ತಿಳಿದಷ್ಟು ದಪ್ಪನಾಗಿರಲಿಲ್ಲ.

ಎರಡನೆಯದಾಗಿ, ಈ ಬಹುಮಾನ ಮಠದ ಒಟ್ಟು ಭೌತಿಕ ಸಂಸ್ಕೃತಿಯಿಂದ ಬೇರೆಯಾದುದಲ್ಲ. ಅಲ್ಲಿ ಬರೆಯುವ ಸಾಧನಗಳೆಲ್ಲವೂ ಮನೆಯಲ್ಲಿ, ಊರಿನಲ್ಲಿ ತಯಾರಾಗುವಂಥವು. ಮಗು ಮೊದಲು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ತಿದ್ದುತ್ತಿತ್ತು. ಅನಂತರ ಹಲಗೆ. ಸುಮಾರು ಒಂದು ಅಡಿ ಅಗಲ, ಮೂರು ಅಡಿ ಉದ್ದದ ಮರದ ಹಲಗೆಯನ್ನು ನುಣುಪುಗೊಳಿಸಿ ಅದಕ್ಕೆ ಅನ್ನ ಮತ್ತು ಇದ್ದಿಲ ಪುಡಿಯನ್ನು ಬಳಿದರೆ ಬರೆಯುವುದಕ್ಕೆ ಸಿದ್ಧ. ಇನ್ನೊಂದು ಕಡತ. ಬಟ್ಟೆಗೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಕೆ ಹಾಕಿ, ಮೇಲೆ ಇದ್ದಿಲು ಮತ್ತು ಅಂಟುಗಳ ಲೇಪವನ್ನು ಕೊಟ್ಟು ಇದನ್ನು ಮಾಡುತ್ತಿದ್ದರು. ಅಂಗಡಿಯ ಲೆಕ್ಕಕ್ಕೂ, ಶಾನುಭೋಗಿಕೆಗೂ, ಶೃಂಗೇರಿಯಂತಹ ಮಠದ ದಾಖಲೆಗಳಿಗೂ ಬಳಕೆಯಾದ ಕಡತವೇ ಇಲ್ಲಿ ಮಕ್ಕಳ ಸ್ಲೇಟು. ಬರೆಯುವುದಕ್ಕೆ ಬೆಳ್ಳನೆಯ ಬಳಪ, ಅಳಿಸುವುದಕ್ಕೆ ಒದ್ದೆಬಟ್ಟೆ. ಈ ಮಿತವ್ಯಯವನ್ನು ಕ್ಯಾಂಪ್‌ಬೆಲ್ಲನು ಮನಸಾರೆ ಮೆಚ್ಚಿಕೊಂಡಿದ್ದಾನೆ.

ಅಳಿಸಬಹುದಾದ ಬರಹದ ಈ ಪರಂಪರೆ ಕನ್ನಡ ನಾಡಿನಲ್ಲಿ 1823ಕ್ಕೆ ಬಹಳ ಹಿಂದಿನದು. ಸರಿಯಾಗಿ ಇನ್ನೂರು ವರ್ಷಗಳ ಹಿಂದೆ, 1623ರಲ್ಲಿ, ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟಿದ್ದ ನಿಯೋಗದೊಡನೆ ಗೇರುಸೊಪ್ಪೆಯ ಘಟ್ಟವನ್ನೇರಿದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ದೇವಾಲಯವೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ಕಂಡನು. ಒಬ್ಬ ರಾಗವಾಗಿ ಹೇಳುತ್ತ ನೆಲದ ಮೇಲಿನ ನುಣುಪಾದ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದ, ಉಳಿದವರು ಹಾಗೆಯೇ ಹೇಳಿ ಬರೆಯುತ್ತಿದ್ದರು. ನೆಲ ತುಂಬಿದಾಗ ಅಳಿಸಿ ಹೊಸ ಮರಳನ್ನು ಹರಡುತ್ತಿದ್ದರು. ಗುರುವಿಲ್ಲದೆ ತಪ್ಪಿದರೆ ತಿದ್ದುವವರು ಯಾರೆಂದು ಆತ ಕೇಳಿದಾಗ, ನಾಲ್ವರೂ ಒಂದೇ ಕಡೆ ಮರೆಯುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ ಎಂಬ ಅರ್ಥದ ಉತ್ತರ ಬಂತು. ಆ ಜಗಲಿಯಲ್ಲಿ ಬಹುಮಾನವೂ ಇಲ್ಲ, ಬೆತ್ತವೂ ಇಲ್ಲ ಎಂಬುದನ್ನು ಇಲ್ಲಿಯೇ ಗುರುತು ಮಾಡಿಕೊಳ್ಳುವುದು ಒಳ್ಳೆಯದು. ಕೂಲಿಮಠದ ಜಗತ್ತನ್ನು ಕೇವಲ ಬೆತ್ತದ ಜಗತ್ತೆಂದು ಚಿತ್ರಿಸುವವರು ಈ ನಾಲ್ವರು ಹುಡುಗರನ್ನು ಮರೆಯುತ್ತಾರೆ.

ಮರಳು, ಹಲಗೆ, ಕಡತಗಳ ಸಾಲಿನಲ್ಲಿ ಅಂಗೈಯೂ ಒಂದು ಬರೆಯುವ ಜಾಗ. ಅಲ್ಲಿ ಬರೆದುದೂ ಅಳಿಯುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಹಲಗೆಯ ಮೇಲೆ ಮಗು ಬರೆಯುತ್ತದೆ, ಗುರು ನೋಡುತ್ತಾನೆ. ಅಂಗೈಯ ಮೇಲೆ ಗುರುವೇ ಬರೆಯುತ್ತಾನೆ, ಮಗು ಅದನ್ನು ಊರಿಗೆಲ್ಲ ತೋರಿಸುತ್ತದೆ. ಅಕ್ಷರಾಭ್ಯಾಸದ ವಿಧಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮಗು ಐದು ವರ್ಷದ್ದಾದಾಗ ಗಣೇಶನ ಮುಂದೆ ಕೂರಿಸಿ, ಪ್ರಾರ್ಥನೆ ಹೇಳಿಸಿ, ಅಯ್ಗಳು ಅದರ ಬೆರಳನ್ನು ಹಿಡಿದು ಅಕ್ಕಿಯಲ್ಲಿ ದೇವರ ನಾಮವನ್ನು ಬರೆಸುತ್ತಿದ್ದರೆಂದು ಅದೇ ವರದಿಯಲ್ಲಿದೆ. ಮಠದ ಹೊಸ್ತಿಲನ್ನು ದಾಟಿಸುವುದು ಅಕ್ಕಿಯ ಮೇಲಿನ ದೇವನಾಮ. ಪ್ರತಿದಿನದ ಹೊಸ್ತಿಲಲ್ಲಿ ಮೊದಲು ನಿಂತವನಿಗೆ ಅಂಗೈಯ ಮೇಲಿನ ದೇವಿಯ ಹೆಸರು. ವಿಧಿಯೊಂದು ದಿನಚರಿಯಾಗಿ ಕಿರಿದಾಗಿರುವ ರೀತಿ ಇದು. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ, ಸ್ಲೇಟನ್ನು ಎಂಜಲಿನಿಂದ ಒರೆಸಬಾರದೆನ್ನುವ ನಂಬಿಕೆಗಳು ಇಂದಿಗೂ ಮಕ್ಕಳ ನಡುವೆ ಜೀವಂತವಾಗಿರುವ ನಾಡಿನಲ್ಲಿ, ಸರಸ್ವತಿಯನ್ನು ಅಂಗೈಯಲ್ಲಿ ಹೊತ್ತ ಮಗು ಆ ದಿನ ಕೈಯನ್ನು ಸ್ವಲ್ಪ ಜೋಪಾನವಾಗಿಯೇ ಇಟ್ಟುಕೊಂಡಿದ್ದೀತು.

ಬಹುಮಾನ ಎಂಬ ಶಬ್ದವನ್ನೂ ಇಲ್ಲಿ ಗಮನಿಸಬೇಕು. ಅದರ ಮೂಲಾರ್ಥ ಹೆಚ್ಚಿನ ಮಾನ, ಗೌರವ. ಕೈಗೆ ಕೊಡುವ ವಸ್ತು ಎಂಬುದು ಅನಂತರ ಬೆಳೆದ ಅರ್ಥ. ಬಳ್ಳಾರಿಯ ಅಯ್ಗಳು ಕೊಟ್ಟದ್ದು ಆ ಹಳೆಯ ಅರ್ಥದ ಬಹುಮಾನ. ಅದಕ್ಕೆ ಬೆಲೆಯಿಲ್ಲ, ಅದನ್ನು ಮಾರಲಾಗದು, ನಾಳೆಗೆ ಉಳಿಸಿಕೊಳ್ಳಲಾಗದು. ನಾಳೆ ಮತ್ತೆ ಮೊದಲು ಬರಬೇಕು.

ಆದರೆ ಮೊದಲು ಬರುವುದು ಯಾರಿಂದ ಸಾಧ್ಯ? ಮೇಲ್ನೋಟಕ್ಕೆ ಈ ಬಹುಮಾನ ಜಾತಿಯನ್ನೂ ಕೇಳುವುದಿಲ್ಲ, ಜಾಣತನವನ್ನೂ ಕೇಳುವುದಿಲ್ಲ. ಹೊತ್ತನ್ನು ಮಾತ್ರ ಕೇಳುತ್ತದೆ. ವರದಿಯ ಕೋಷ್ಟಕದಲ್ಲಿ ಬ್ರಾಹ್ಮಣ ಹುಡುಗರು 1,185, ವೈಶ್ಯರು 981, ಶೂದ್ರರು 2,998, ಇತರ ಜಾತಿಯವರು 1,174, ಮುಸಲ್ಮಾನರು 243 ಎಂದಿದೆ. ಓದುವವರಲ್ಲಿ ಬಹುಪಾಲು ದುಡಿಯುವ ಕುಲಗಳವರೇ. ಪಾಂಚಾಳರ ಮಕ್ಕಳು ವಿಶ್ವಕರ್ಮ ಪುರಾಣವನ್ನೂ ಲಿಂಗಾಯತರ ಮಕ್ಕಳು ಗಿರಿಜಾಕಲ್ಯಾಣ, ಚೆನ್ನಬಸವೇಶ್ವರ ಪುರಾಣಗಳನ್ನೂ ಓದುತ್ತಿದ್ದುದನ್ನು ಕ್ಯಾಂಪ್‌ಬೆಲ್ಲನು ದಾಖಲಿಸಿದ್ದಾನೆ. ಹೀಗಾಗಿ ಸರಸ್ವತಿಯ ಹೆಸರು ಕಮ್ಮಾರನ ಮಗನ ಅಂಗೈಯಲ್ಲಿಯೂ ಕುಂಬಾರನ ಮಗನ ಅಂಗೈಯಲ್ಲಿಯೂ ಮೂಡಿರಬಹುದು. ಇದು ಸಣ್ಣ ಮಾತಲ್ಲ. ಆದರೂ ಬೆಳಗಿನ ಆರು ಗಂಟೆಯೆಂದರೆ ರೈತನ ಮನೆಯಲ್ಲಿ ಸೆಗಣಿ ಬಾಚುವ, ದನಕ್ಕೆ ಮೇವು ಹಾಕುವ, ನೀರು ತರುವ ಹೊತ್ತು. ಆ ಕೆಲಸಗಳಿಗೆ ಕೈಯಾಗಬೇಕಾದ ಹುಡುಗ ಸರದಿಯಲ್ಲಿ ಎಂಟನೆಯವನೋ ಒಂಬತ್ತನೆಯವನೋ ಆಗುವುದು ಸಹಜ. ಕೆಳ ಮತ್ತು ಮಧ್ಯಮ ವರ್ಗದ ಜನ ಮಕ್ಕಳ ಓದಿನ ವೆಚ್ಚವನ್ನು ಹೊರಲಾರದೆ ಎಳೆಯ ಕೈಕಾಲುಗಳನ್ನೇ ದುಡಿಮೆಗೆ ಹಚ್ಚಬೇಕಾಗಿ ಬಂದಿದೆ, ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ, ಇದಕ್ಕೆ ನಾಡು ಬಡವಾಗುತ್ತ ಬಂದಿರುವುದೇ ಕಾರಣ ಎಂದು ಕ್ಯಾಂಪ್‌ಬೆಲ್ಲನೇ ಒಪ್ಪಿಕೊಂಡಿದ್ದಾನೆ. ಬಡತನದ ಲೆಕ್ಕ ಮಠದೊಳಗೆ ಪೆಟ್ಟಿನ ಲೆಕ್ಕವಾಗಿ ಇಳಿಯುತ್ತಿತ್ತೆಂದು ಊಹಿಸಲು ಅಡ್ಡಿಯಿಲ್ಲ. ಇನ್ನು ಹೆಣ್ಣುಮಕ್ಕಳು ಇಡೀ ಜಿಲ್ಲೆಯಲ್ಲಿ ಅರವತ್ತು ಮಂದಿ. ಅವರಲ್ಲಿ ಬ್ರಾಹ್ಮಣರು ಇಬ್ಬರು, ವೈಶ್ಯಳು ಒಬ್ಬಳು. ಉಳಿದ ಐವತ್ತೇಳು ಮಂದಿ ಶೂದ್ರ ಮತ್ತು ಇತರ ಜಾತಿಗಳವರು. ವಿದ್ಯೆಯ ಅಧಿದೇವತೆ ಹೆಣ್ಣು. ಆಕೆಯ ಹೆಸರನ್ನು ಅಂಗೈಯಲ್ಲಿ ಹೊರುವ ಅವಕಾಶವಿದ್ದ ಹೆಣ್ಣುಮಕ್ಕಳು ಒಂಬತ್ತು ಲಕ್ಷ ಜನರ ನಡುವೆ ಇಷ್ಟೇ.

ಗುರು ಮಗುವಿನ ಕೈಮೇಲೆ ಗುರುತು ಮಾಡುವ ಪದ್ಧತಿ ಬಳ್ಳಾರಿಗೆ ಮಾತ್ರ ಸೀಮಿತವೆಂದು ತಿಳಿಯಬೇಕಾಗಿಲ್ಲ. ಯಾವ ಸಂಪರ್ಕವೂ ಇಲ್ಲದ ದೂರದ ನಾಡೊಂದರಲ್ಲಿ ಇದಕ್ಕೆ ಹತ್ತಿರದ ಸಮಾನಾಂತರ ದೊರೆಯುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ್ದ ಜರ್ಮನ್ ಭಾಷಿಕರ ಮೆನ್ನೊನೈಟ್ ಪಂಥಕ್ಕೆ ಸೇರಿದ ಕ್ರಿಸ್ಟೋಫರ್ ಡಾಕ್ ಎಂಬ ಶಾಲಾ ಉಪಾಧ್ಯಾಯನು ತನ್ನ ಬೋಧನಾಕ್ರಮವನ್ನು 1750ರಲ್ಲಿ ಬರೆದಿಟ್ಟನು. ಅದು ಅಚ್ಚಾದದ್ದು 1770ರಲ್ಲಿ, ಆತ ತೀರಿಕೊಳ್ಳುವುದಕ್ಕೆ ಒಂದು ವರ್ಷ ಮುಂಚೆ. ವಾರದಲ್ಲಿ ಮೂರು ದಿನ ಸ್ಕಿಪ್ಪ್ಯಾಕ್ ಎಂಬ ಊರಿನಲ್ಲಿ, ಮೂರು ದಿನ ಸಾಲ್ಫರ್ಡಿನಲ್ಲಿ ಪಾಠ ಹೇಳುತ್ತಿದ್ದ ಈತ ಒಂದು ಶಾಲೆಯ ಮಕ್ಕಳು ಇನ್ನೊಂದು ಶಾಲೆಯ ಮಕ್ಕಳಿಗೆ ಬರೆದ ಓಲೆಗಳನ್ನು ತಾನೇ ಹೊತ್ತು ಮುಟ್ಟಿಸುತ್ತಿದ್ದನು. ಮಗು ವರ್ಣಮಾಲೆಯನ್ನು ಕಲಿತು ಮುಗಿಸಿದರೆ ತಂದೆ ಅದಕ್ಕೆ ಒಂದು ಪೆನ್ನಿಯನ್ನೂ ತಾಯಿ ಎರಡು ಮೊಟ್ಟೆಗಳನ್ನು ಹುರಿದೂ ಕೊಡಬೇಕೆಂಬುದು ಆತನ ಕಟ್ಟಳೆ. ಶ್ರದ್ಧೆ ತೋರಿದ ಮಗುವಿಗೆ ಆತ ತನ್ನ ಕೈಯಿಂದಲೇ ಕಾಗದದ ಮೇಲೆ ಹೂವನ್ನೋ ಹಕ್ಕಿಯನ್ನೋ ಬರೆದು ಕೊಡುತ್ತಿದ್ದನು. ಫ್ರಾಕ್ಟೂರ್ ಎಂಬ ಹೆಸರಿನ ಆ ಜನರ ಅಲಂಕೃತ ಬರಹದ ಜನಪದ ಕಲೆ ಬೆಳೆದದ್ದು ಇಂತಹ ಶಾಲಾ ಉಪಾಧ್ಯಾಯರ ಕೈಗಳಲ್ಲಿ. ಅಂದು ಕಾಸು ಖರ್ಚಿಲ್ಲದೆ ಮಕ್ಕಳಿಗೆ ದೊರೆತ ಇಂತಹ ಚೀಟಿಗಳು ಇಂದು ಅಲ್ಲಿನ ಗ್ರಂಥಾಲಯ, ಸಂಗ್ರಹಾಲಯಗಳಲ್ಲಿ ಅಮೂಲ್ಯವೆನಿಸಿ ಕಾಪಾಡಲ್ಪಟ್ಟಿವೆ.

ಡಾಕ್‌ನ ಶಾಲೆಯಲ್ಲಿಯೂ ಕೈಮೇಲೆ ಸೊನ್ನೆಯಿತ್ತು. ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದ ಮಗುವಿನ ಕೈಯಲ್ಲಿ ಆತ ಸೀಮೆಸುಣ್ಣದಿಂದ ಸೊನ್ನೆ ಬರೆಯುತ್ತಿದ್ದನು. ತಪ್ಪುಗಳ ಸಂಖ್ಯೆ ಸೊನ್ನೆ ಎಂಬುದು ಅದರ ಇಂಗಿತ. ಆದ್ದರಿಂದ ಅದು ಗೌರವ. ಬಳ್ಳಾರಿಯಲ್ಲಿ ಅದೇ ಸೊನ್ನೆ ಪೆಟ್ಟುಗಳ ಸಂಖ್ಯೆ. ಆದ್ದರಿಂದ ಗೌರವವೂ ಅಲ್ಲ, ಅವಮಾನವೂ ಅಲ್ಲ, ಬರಿಯ ಪಾರಾಗುವಿಕೆ. ಪರೀಕ್ಷೆ ಮತ್ತು ಅಂಕಗಳ ಕಾಲ ಬಂದ ಮೇಲೆ ಸೊನ್ನೆ ಎಂದರೆ ಗಳಿಸಿದ ಅಂಕ, ಆದ್ದರಿಂದ ಅವಮಾನ. ಒಂದೇ ಗುಂಡನೆಯ ಗೆರೆ ಏನನ್ನು ಎಣಿಸುತ್ತದೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ರೂಪ ಒಂದೇ ಆಗಿದ್ದರೂ ಪ್ರಕಾರ್ಯ ಬೇರೆಯಾಗಬಹುದೆಂಬ ಜಾನಪದ ವಿಜ್ಞಾನದ ಹಳೆಯ ತತ್ತ್ವಕ್ಕೆ ಇದಕ್ಕಿಂತ ಚಿಕ್ಕದಾದ, ಚೊಕ್ಕವಾದ ಉದಾಹರಣೆ ಸಿಗುವುದು ಕಷ್ಟ. ಡಾಕ್‌ನ ಶಾಲೆಯೂ ಮೃದುತ್ವದ ಸ್ವರ್ಗವಾಗಿರಲಿಲ್ಲ ಎಂಬುದನ್ನು ಹೇಳಬೇಕು. ಮತ್ತೆ ಮತ್ತೆ ತಪ್ಪಿದ ಮಗುವನ್ನು ಉಳಿದ ಮಕ್ಕಳೆಲ್ಲ ಸೋಮಾರಿ ಎಂದು ಒಟ್ಟಾಗಿ ಕೂಗುತ್ತಿದ್ದರು.

ಕೂಲಿಮಠದ ಕ್ರಮವು ಸಂಪರ್ಕದ ಮೂಲಕವೇ ಹೊರನಾಡಿಗೆ ಹೋದ ಕತೆ ಇನ್ನೊಂದು. ಮದರಾಸಿನ ಎಗ್ಮೋರಿನಲ್ಲಿದ್ದ ಸೈನಿಕ ಅನಾಥಾಲಯದ ಶಾಲೆಯನ್ನು 1789ರಿಂದ ನೋಡಿಕೊಳ್ಳುತ್ತಿದ್ದ ಸ್ಕಾಟ್ಲೆಂಡಿನ ಆಂಡ್ರ್ಯೂ ಬೆಲ್, ದೇಶೀ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನು ತನ್ನಲ್ಲಿ ಅಳವಡಿಸಿಕೊಂಡನು. ದೊಡ್ಡ ಮಕ್ಕಳಿಂದ ಚಿಕ್ಕ ಮಕ್ಕಳಿಗೆ ಹೇಳಿಸುವ ಕ್ರಮವನ್ನು ರೂಪಿಸಿ, ಊರಿಗೆ ಮರಳಿ 1797ರಲ್ಲಿ ಅದನ್ನು ಪ್ರಕಟಿಸಿದನು. ಇಂಗ್ಲೆಂಡಿನಲ್ಲಿ ಅದಕ್ಕೆ ಮದರಾಸು ಪದ್ಧತಿಯೆಂದೇ ಹೆಸರಾಯಿತು. 1798ರಲ್ಲಿ ಲಂಡನ್ನಿನ ಬರೋ ರೋಡಿನಲ್ಲಿ ಬಡಮಕ್ಕಳಿಗಾಗಿ ಶಾಲೆ ತೆರೆದ ಜೋಸೆಫ್ ಲ್ಯಾಂಕಾಸ್ಟರ್ ಕೂಡ ಮರಳಿನ ಮೇಜನ್ನೂ ವಿದ್ಯಾರ್ಥಿ ನಾಯಕರನ್ನೂ ಬಳಸಿದನು. ಕ್ಯಾಂಪ್‌ಬೆಲ್ಲನು ಬಳ್ಳಾರಿಯ ಮಠಗಳಲ್ಲಿ ಮುಂದಿನ ತರಗತಿಯವರು ಹಿಂದಿನವರಿಗೆ ಕಲಿಸುವುದನ್ನು ನೋಡಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ತಕ್ಕದ್ದೇ ಎಂದದ್ದು ಈ ಹಿನ್ನೆಲೆಯಲ್ಲಿ.

ಮರಳು ಹೋಯಿತು, ನಾಯಕ ಪದ್ಧತಿ ಹೋಯಿತು. ಅಂಗೈಯ ಮೇಲಿನ ಹೆಸರು ಮಾತ್ರ ಹೋಗಲಿಲ್ಲ. ಅದರ ಜಾಗದಲ್ಲಿ ಲ್ಯಾಂಕಾಸ್ಟರನ ಶಾಲೆಯಲ್ಲಿ ಬಂದದ್ದು ಬಿಲ್ಲೆ ಮತ್ತು ಚೀಟಿ. ಒಳ್ಳೆಯ ನಡತೆಯ ಹುಡುಗನಿಗೆ ಧರಿಸಿಕೊಳ್ಳಲು ಬಿಲ್ಲೆ, ರಟ್ಟಿಗೆ ಅಂಟಿಸಿದ ಚಿತ್ರ. ಇಷ್ಟು ಸಲ ಗಳಿಸಿದರೆ ಒಂದು ಗಾಳಿಪಟ, ಇನ್ನಷ್ಟು ಗಳಿಸಿದರೆ ಚೆಂಡು ಅಥವಾ ದಾಂಡು. ನೂರಾರು ಮಕ್ಕಳನ್ನು ಒಂದೇ ಸೂರಿನಡಿ ಕೂರಿಸಿ ಕಲಿಸಬೇಕಾಗಿದ್ದ ವ್ಯವಸ್ಥೆಗೆ ಇದು ಅನಿವಾರ್ಯವೂ ಆಗಿತ್ತು. ಹನ್ನೆರಡು ಮಕ್ಕಳ ಮಠದಲ್ಲಿ ಯಾರು ಮೊದಲು ಬಂದರೆಂದು ಎಲ್ಲರೂ ಬಲ್ಲರು. ನೂರಾರು ಮಂದಿಯ ನಡುವೆ ಗುರುತು ಕಾಣುವಂತಿರಬೇಕು, ಎಣಿಸುವಂತಿರಬೇಕು. ಕಾರ್ಖಾನೆಗಳು ಏಳುತ್ತಿದ್ದ ಆ ನಗರದಲ್ಲಿ ಚೀಟಿ ಕೂಡಿಸಿ ವಸ್ತು ಪಡೆಯುವುದು ಮಕ್ಕಳಿಗೆ ಕೂಲಿಯ ಅಭ್ಯಾಸವನ್ನೂ ಮಾಡಿಸಿರಬಹುದು. ಹೆಸರಿನಲ್ಲಿ ಕೂಲಿಯನ್ನು ಹೊತ್ತ ನಮ್ಮ ಮಠದಲ್ಲಾದರೋ ಕೂಲಿ ಅಯ್ಗಳದು, ಮಗುವಿನದಲ್ಲ. ಇನ್ನು ಬೆತ್ತವನ್ನು ವಿರೋಧಿಸುತ್ತಿದ್ದ ಲ್ಯಾಂಕಾಸ್ಟರ್ ತುಂಟ ಹುಡುಗನನ್ನು ಬುಟ್ಟಿಯಲ್ಲಿ ಕೂರಿಸಿ ಶಾಲೆಯ ಚಾವಣಿಗೆ ತೂಗುಹಾಕಿಸಿ, ಪಂಜರದ ಹಕ್ಕಿಯೆಂದು ಉಳಿದವರು ನಗುವಂತೆ ಮಾಡುತ್ತಿದ್ದನು. ಬಳ್ಳಾರಿಯ ಮಠಗಳಲ್ಲಿ ಎರಡು ಕೈಗಳನ್ನೂ ಕಟ್ಟಿ ಸೂರಿಗೆ ಎಳೆಯುತ್ತಿದ್ದುದನ್ನು ಕ್ಯಾಂಪ್‌ಬೆಲ್ ಬರೆದಿದ್ದಾನೆ. ಜನರ ನೆನಪಿನಲ್ಲಿ ಉಳಿದ ಕೋದಂಡ ಇದೇ. ಎರಡು ನಾಡುಗಳ ಶಾಲೆಗಳೂ ಮಗುವನ್ನು ಸೂರಿಗೆ ನೇತುಹಾಕುವ ವಿಷಯದಲ್ಲಿ ಯಾರನ್ನೂ ಅನುಕರಿಸದೆ ಒಂದೇ ದಾರಿ ಹಿಡಿದಿದ್ದವು.

ಕೂಲಿಮಠದಲ್ಲಿ ತಿನ್ನುವ, ಹಿಡಿಯುವ ಬಹುಮಾನ ಇರಲೇ ಇಲ್ಲವೆಂದಲ್ಲ. ಅದು ವರ್ಷಕ್ಕೊಮ್ಮೆ ಬರುತ್ತಿತ್ತು, ಕೊಡುವವರು ಅಯ್ಗಳಾಗಿರದೆ ಊರಿನವರಾಗಿರುತ್ತಿದ್ದರು. ಮಾರ್ನಾಮಿಯ ದಿನಗಳಲ್ಲಿ ಮಠದ ಮಕ್ಕಳು ಅಯ್ಗಳೊಡನೆ ಮನೆಮನೆಗೆ ಹೋಗಿ ಚೌಪದಗಳನ್ನು ಹಾಡುವುದು ಹಳೆಯ ಮೈಸೂರು ಸೀಮೆಯಲ್ಲಿ ರೂಢಿಯಲ್ಲಿತ್ತು. ಕೈಯಲ್ಲಿ ಬಣ್ಣದ ಬಿಲ್ಲು ಬಾಣ, ಮೈಮೇಲೆ ಇದ್ದುದರಲ್ಲಿ ಒಳ್ಳೆಯ ಬಟ್ಟೆ. ಮನೆಯವರು ಅಯ್ಗಳಿಗೆ ದಕ್ಷಿಣೆಯನ್ನೂ ಮಕ್ಕಳಿಗೆ ತಿನಿಸನ್ನೂ ಕೊಡುತ್ತಿದ್ದರು. ತೆಲುಗು ಸೀಮೆಯ ದಸರೆಯ ಹಾಡುಗಳಲ್ಲಿ ಗುರುವಿಗೆ ವರಹ, ಮಕ್ಕಳಿಗೆ ಹುರಿಗಡಲೆ ಬೆಲ್ಲ ಎಂಬ ಹಂಚಿಕೆ ಸ್ಪಷ್ಟವಾಗಿಯೇ ಇದೆ. ಹಾಡಿನ ಸಂಗ್ರಹಕಾರರು ಚೌಪದಗಳ ಛಂದಸ್ಸಿಗೆ, ಅವುಗಳ ಪುರಾಣ ವಸ್ತುವಿಗೆ ಗಮನ ಕೊಟ್ಟಷ್ಟು ಈ ಹುರಿಗಡಲೆಗೆ ಕೊಟ್ಟಿಲ್ಲ. ವರ್ಷವಿಡೀ ಬಾಯಿಪಾಠ ಮಾಡಿದುದನ್ನು ಮಗು ಊರಿನ ಮುಂದೆ ಒಪ್ಪಿಸುತ್ತಿತ್ತು, ಊರು ಅದಕ್ಕೆ ಹಿಡಿ ಹುರಿಗಡಲೆ ಕೊಟ್ಟು ಒಪ್ಪಿಕೊಳ್ಳುತ್ತಿತ್ತು. ಅಂದು ಯಾರೂ ಹನ್ನೆರಡನೆಯವನಲ್ಲ. ಬೊಗಸೆ ಒಡ್ಡಿದ ಎಲ್ಲರಿಗೂ ಪಾಲಿತ್ತು.

ಮನ್ರೊನ ಆದೇಶದಿಂದ ಹುಟ್ಟಿದ ಈ ವರದಿಗಳನ್ನು 1983ರಲ್ಲಿ ಧರಂಪಾಲರು ಒಟ್ಟುಗೂಡಿಸಿ ಪ್ರಕಟಿಸಿದ ಮೇಲೆ ಬಳ್ಳಾರಿಯ ಬರಹ ವಿದ್ವಾಂಸರ ಕೈಗೆ ಸುಲಭವಾಗಿ ಸಿಗುವಂತಾಯಿತು. ಅಂದಿನಿಂದ ಅದನ್ನು ಓದುವ ಎರಡು ರೀತಿಗಳು ಬೆಳೆದಿವೆ. ದೇಶೀ ಶಿಕ್ಷಣದ ಹಿರಿಮೆಯನ್ನು ಹೇಳುವವರು ಹಲಗೆ, ಕಡತ, ನಾಯಕ ಪದ್ಧತಿಗಳನ್ನು ಎತ್ತಿ ಹಿಡಿಯುತ್ತಾರೆ, ಪೆಟ್ಟಿನ ಏಣಿಯ ಬಳಿ ಮೌನವಾಗುತ್ತಾರೆ. ಅದರ ಕ್ರೌರ್ಯವನ್ನು ಹೇಳುವವರು ಕೋದಂಡದಿಂದ ಆರಂಭಿಸಿ ಅಲ್ಲಿಯೇ ಮುಗಿಸುತ್ತಾರೆ. ಸರಸ್ವತಿಯ ಹೆಸರು ಅವರ ಕಣ್ಣಿಗೆ ಬೀಳುವುದಿಲ್ಲ. ಆದರೆ ಮೂಲದಲ್ಲಿ ಸರಸ್ವತಿ, ಸೊನ್ನೆ, ಪೆಟ್ಟು ಮೂರೂ ಒಂದೇ ವಾಕ್ಯದಲ್ಲಿವೆ. ಆ ವಾಕ್ಯವನ್ನು ತುಂಡು ಮಾಡಿ ಬೇಕಾದ ಭಾಗವನ್ನು ಮಾತ್ರ ತೆಗೆದುಕೊಳ್ಳುವುದು ಆಕರಕ್ಕೆ ಮಾಡುವ ಅನ್ಯಾಯ. ಆ ಆರು ಗಂಟೆಯ ಬಾಗಿಲಲ್ಲಿ ಸರದಿ ನಿಂತ ಮಕ್ಕಳಿಗೂ ಮಾಡುವ ಅನ್ಯಾಯ.

ಏಣಿಯ ಮೇಲಿನ ಮತ್ತು ಕೆಳಗಿನ ತುದಿಗಳು ಬೇರ್ಪಟ್ಟಿರುವುದು ತೀರ ಈಚೆಗೆ. ಮಕ್ಕಳ ಶಿಕ್ಷಣ ಹಕ್ಕಿನ 2009ರ ಕಾಯಿದೆ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿತು. ಬಹುಮಾನದ ತುದಿ ಮಾತ್ರ ಹಳೆಯ ರೂಪದಲ್ಲಿಯೇ ಉಳಿದಿದೆ. ಚೆನ್ನಾಗಿ ಓದಿದ, ಅಳದೆ ಕೂತ ಮಗುವಿನ ಅಂಗೈಯಲ್ಲಿ ಅಥವಾ ಮುಂಗೈಯಲ್ಲಿ ಪೆನ್ನಿನಿಂದ ನಕ್ಷತ್ರವನ್ನೋ ‘ಗುಡ್’ ಎಂಬ ಮಾತನ್ನೋ ಬರೆದು ಕಳುಹಿಸುವ ರೂಢಿ ಶಿಶುವಿಹಾರ, ಅಂಗನವಾಡಿಗಳಲ್ಲಿ ಇಂದಿಗೂ ಕಾಣುತ್ತದೆ. ಇದನ್ನು ಯಾವ ತರಬೇತಿ ಕೈಪಿಡಿಯಿಂದಲೂ ಕಲಿಯಬೇಕಾಗಿಲ್ಲ. ಶಿಕ್ಷಕಿಯರು ತಮ್ಮ ಬಾಲ್ಯದಿಂದಲೇ ಇದನ್ನು ಬಲ್ಲರು.

1995ರಲ್ಲಿ ಹೆ‌ಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿಯೂ ಒಂದು ಏಣಿಯಿದೆ. ಅದರಲ್ಲಿ ಮಗು ತಾನು ಮುಗಿಸಿದ ಮೆಟ್ಟಿಲನ್ನು ತಾನೇ ಗುರುತಿಸಿಕೊಳ್ಳುತ್ತದೆ. ಪಕ್ಕದವನಿಗಿಂತ ಮುಂಚೆ ಬಂದಿರಬೇಕೆಂಬ ಕರಾರಿಲ್ಲ. ಆ ತರಗತಿಗಳ ಸೂರಿನಿಂದ ಸೂರಿಗೆ ದಾರಗಳನ್ನು ಎಳೆದು ಕಟ್ಟಿರುತ್ತಾರೆ. ಅದಕ್ಕೆ ಕಲಿಕಾ ಚಪ್ಪರವೆಂದು ಹೆಸರು. ಮಕ್ಕಳು ಬರೆದ ಚಿತ್ರ, ಮಡಿಸಿದ ಕಾಗದದ ಹೂವು, ಹಕ್ಕಿಗಳನ್ನು ಅದಕ್ಕೆ ತೂಗುಹಾಕುತ್ತಾರೆ.